ಅವ್ವನ ಕೊರಳ ಗಂಟು

ಹೋದ ವರ್ಷ ನವಲಿಗೆ ಹೋದಾಗ ಅವ್ವನ ಕೊರಳಲ್ಲಿ ನಿಂಬೆಹಣ್ಣಿನಷ್ಟು ಗಂಟು ಕಂಡಿತು. ಸೆರಗಿನಲ್ಲಿ ಮುಚ್ಚಿಟ್ಟುಕೊಂಡೇ ಓಡಾಡುತ್ತಿದ್ದಳಂತೆ! ಗಂಗಾವತಿಗೆ ಕರೆದೊಯ್ದೆ. ಸೂಜಿ ಚುಚ್ಚಿ ನೋಡಿದರು. 'ಫಾಲಿಕ್ಯುಲರ್ ಗಡ್ಡೆ. ಸಾದಾನೋ ಕ್ಯಾನ್ಸರೋ ಇಷ್ಟರಿಂದ ಹೇಳಲಾಗದು' ಎಂದರು.

"ನೀ ಇದನ್ನ ಓದಾಕಿ, ನೀನರ ಹೇಳವಾ" ಅಂದಳು ಅವ್ವ.

ಪ್ರಯೋಗಾಲಯದಲ್ಲಿ ನಾನು ಹುಡುಕುವುದು ಈ ಎರಡು ಬಗೆಯ ಗಡ್ಡೆಗಳ ಪ್ರೋಟೀನು ವ್ಯತ್ಯಾಸವನ್ನೇ. ಗ್ಯಾಲೆಕ್ಟಿನ್-3 ಎಂಬ ಪ್ರೋಟೀನು ಥೈರಾಯ್ಡ್ ಕ್ಯಾನ್ಸರಿನಲ್ಲಿ ಹೆಚ್ಚಾಗಿ ಕಾಣುತ್ತದೆ. ಆದರೆ ಕೆಲವು ಸಾದಾ ಗಡ್ಡೆಗಳಲ್ಲೂ ಇರುತ್ತದೆ, ಕೆಲವು ಕ್ಯಾನ್ಸರುಗಳಲ್ಲಿ ಇರುವುದೇ ಇಲ್ಲ. ಗಡ್ಡೆ ತನ್ನ ಹೊದಿಕೆಯನ್ನೋ ರಕ್ತನಾಳವನ್ನೋ ಹೊಕ್ಕಿದೆಯೇ ಎಂದು ನೋಡಿದರಷ್ಟೇ ಖಾತ್ರಿ. ಅದಕ್ಕೆ ಅರ್ಧ ಗ್ರಂಥಿಯನ್ನೇ ತೆಗೆಯಬೇಕು.

ತೆಗೆದರು. ಸಾದಾ ಗಡ್ಡೆ.

"ಸುಮ್ನ ಕೊಯ್ಸಿಬಿಟ್ಟಿ ನೋಡು" ಎಂದು ಅವ್ವ ನಕ್ಕಳು. ನನಗೆ ನಗು ಬರಲಿಲ್ಲ. ಆ 'ಸುಮ್ನ' ಕೊಯ್ಯುವುದನ್ನು ತಪ್ಪಿಸಲಿಕ್ಕೇ ಅಲ್ಲವೇ ನನ್ನ ಓದು?