ಕೋಷ್ಟಕದಲ್ಲಿ ಬಿಟ್ಟುಹೋದದ್ದು

ಒಂಬತ್ತನೇ ತರಗತಿಗೆ ನನ್ನ ಅಭ್ಯಾಸ ಪಾಠ: ಬ್ರೆಜಿಲ್ ಮತ್ತು ಪೋರ್ಟೊ ರಿಕೊ ಹೋಲಿಕೆ. ಎರಡೂ ಉಷ್ಣವಲಯದವು; ಒಂದರ ವಿಸ್ತೀರ್ಣ ಸುಮಾರು 85 ಲಕ್ಷ ಚದರ ಕಿಲೋಮೀಟರ್, ಇನ್ನೊಂದರದು 9 ಸಾವಿರ. ಜನಸಾಂದ್ರತೆ ಲೆಕ್ಕ ಹಾಕಿಸಿದೆ. ಬ್ರೆಜಿಲ್‌ಗೆ ಬಂದದ್ದು 24, ಪುಟ್ಟ ದ್ವೀಪಕ್ಕೆ 350ಕ್ಕೂ ಹೆಚ್ಚು! ಮಕ್ಕಳು ಬೆರಗಾದರು, ನಾನು ಹಿಗ್ಗಿದೆ.

ಹಿಂದಿನ ಬೆಂಚಿನ ಹುಡುಗಿ ಎದ್ದಳು. "ಮಿಸ್, ಬ್ರೆಜಿಲ್ ದೇಶ ಅಂತ ಬರ್ದಿದ್ದೀರಿ. ಇದನ್ನ ಪ್ರದೇಶ ಅಂತ ಯಾಕೆ?"

ಪಾಠಯೋಜನೆಯಲ್ಲಿ ಉತ್ತರವಿರಲಿಲ್ಲ. "ಅದು ಪರೀಕ್ಷೆಗೆ ಬರಲ್ಲ, ಕೂತ್ಕೊ" ಎಂದುಬಿಟ್ಟೆ. ವೀಕ್ಷಕರು ಆ ಮಾತನ್ನು ಹಾಗೇ ಬರೆದುಕೊಂಡರು.

ರಾತ್ರಿ ಓದಿಕೊಂಡು ಮರುದಿನ ಹೇಳಿದೆ: 1898ರಿಂದ ಅದು ಅಮೆರಿಕದ ಅಧೀನ, ಜನರಿಗೆ 1917ರಿಂದ ಅಮೆರಿಕದ ಪೌರತ್ವವಿದೆ, ಆದರೂ ದ್ವೀಪದಲ್ಲಿದ್ದುಕೊಂಡು ಅಧ್ಯಕ್ಷರ ಚುನಾವಣೆಯಲ್ಲಿ ಮತ ಹಾಕುವಂತಿಲ್ಲ. ಕರಿಹಲಗೆಯ ಕೋಷ್ಟಕಕ್ಕೆ 'ಆಡಳಿತ' ಎಂಬ ಕಾಲಂ ಅವಳಿಂದಲೇ ಎಳೆಸಿದೆ.