ನ್ಯೂಪೋರ್ಟಿನ ಕಡಲಂಚಿನ ಮನೆ

ಅಮೆರಿಕಾ ಸಂಯುಕ್ತ ಸಂಸ್ಥಾನಗಳಲ್ಲೆಲ್ಲ ಅತಿ ಚಿಕ್ಕದಾದ ರೋಡ್ ಐಲೆಂಡಿನಲ್ಲಿ, ಅಟ್ಲಾಂಟಿಕ್ ಸಾಗರಕ್ಕೆ ಮುಖಮಾಡಿಕೊಂಡು ನ್ಯೂಪೋರ್ಟ್ ಎಂಬ ಪಟ್ಟಣವಿದೆ. ಹಿಂದಿನ ಧನಿಕರು ಬೇಸಗೆಯನ್ನು ಕಳೆಯುವುದಕ್ಕೆಂದು ಕಟ್ಟಿಸಿಕೊಂಡ ಅರಮನೆಗಳಿಂದ ಈ ಊರು ಪ್ರಸಿದ್ಧವಾಗಿದೆ. ಪ್ರವಾಸಿಗಳೆಲ್ಲರೂ ವಾಂಡರ್ಬಿಲ್ಟ್ ಮನೆತನದ 'ಬ್ರೇಕರ್ಸ್' ಸೌಧವನ್ನು ನೋಡಲು ಹೋಗುವರು. ನಾವು ಹೋದುದು ಬೇರೊಂದು ಮನೆಯನ್ನು ಹುಡುಕಿಕೊಂಡು. ಎಂದೂ ನಡೆಯದ ಒಂದು ಸಾವಿನ ವಿಚಾರಣೆಯು ನಮ್ಮನ್ನು ಅಲ್ಲಿಗೆ ಎಳೆದೊಯ್ದಿತೆಂದರೆ ವಾಚಕರು ನಕ್ಕಾರು. ಆದರೂ ಸಂಗತಿ ಅದೇ.

1966ನೆಯ ಜೂನ್ 27ರಿಂದ 1971ನೆಯ ಏಪ್ರಿಲ್ 2ರವರೆಗೆ ಆ ದೇಶದ ಟೆಲಿವಿಷನ್ನಿನಲ್ಲಿ 'ಡಾರ್ಕ್ ಷ್ಯಾಡೋಸ್' ಎಂಬ ಧಾರಾವಾಹಿ ನಡೆಯಿತು. ಡ್ಯಾನ್ ಕರ್ಟಿಸ್ ಎಂಬಾತನು ಇದನ್ನು ಹುಟ್ಟುಹಾಕಿದವನು. ವಾರದ ದಿನಗಳ ಮಧ್ಯಾಹ್ನ, ಮನೆವಾರ್ತೆ ಮುಗಿಸಿದ ಗೃಹಿಣಿಯರೂ ಶಾಲೆಯಿಂದ ಓಡಿಬಂದ ಮಕ್ಕಳೂ ಇದರ ಮುಂದೆ ಕುಳಿತುಬಿಡುತ್ತಿದ್ದರು. 1967ರಲ್ಲಿ ಬಾರ್ನಬಸ್ ಎಂಬ ರಕ್ತಪಿಪಾಸು ಪಿಶಾಚಿಯು ಕಥೆಯೊಳಕ್ಕೆ ಬಂದಮೇಲೆ ಇದರ ಕೀರ್ತಿ ಹಬ್ಬಿತು. ನಮ್ಮ ಮನಸ್ಸನ್ನು ಹಿಡಿದುದು ಮಾತ್ರ ಅದಕ್ಕೂ ಮೊದಲಿನ, ಬಣ್ಣವಿಲ್ಲದ ಕಪ್ಪುಬಿಳುಪಿನ ಭಾಗ. ಮಗನ ಮನೆಯಲ್ಲಿದ್ದಾಗ ರಾತ್ರಿ ಊಟವಾದಮೇಲೆ ಸೊಸೆಯು ಅದನ್ನು ನಮಗೆ ತೋರಿಸುತ್ತಿದ್ದಳು.

ಕಥೆ ನಡೆಯುವುದು ಮೇಯ್ನ್ ಸಂಸ್ಥಾನದ ಕಾಲಿನ್ಸ್‌ಪೋರ್ಟ್ ಎಂಬ ಕಲ್ಪಿತ ಬೆಸ್ತರ ಊರಿನಲ್ಲಿ. ದೋಣಿಗಳೂ ಮೀನನ್ನು ಡಬ್ಬಿಗಳಲ್ಲಿ ತುಂಬುವ ಕಾರ್ಖಾನೆಯೂ ಕಾಲಿನ್ಸ್ ಮನೆತನದವು. ಮನೆಯ ಯಜಮಾನಿ ಎಲಿಜಬೆತ್ 18 ವರ್ಷಗಳಿಂದ ತನ್ನ ಎಸ್ಟೇಟಿನ ಎಲ್ಲೆಯನ್ನು ದಾಟಿದವಳಲ್ಲ. ಆಕೆಯ ವ್ಯವಹಾರವನ್ನು ನೋಡಿಕೊಳ್ಳುತ್ತಿದ್ದ ಬಿಲ್ ಮಲಾಯ್ ನೇರ ನಡತೆಯ ಮನುಷ್ಯ. ಹತ್ತು ವರ್ಷಗಳ ಹಿಂದೆ ಮೋಟಾರು ಅಪಘಾತವೊಂದರಲ್ಲಿ ಒಬ್ಬನು ಸತ್ತು, ಬರ್ಕ್ ಡೆವ್ಲಿನ್ ಎಂಬ ಯುವಕನು 5 ವರ್ಷ ಸೆರೆಮನೆಯಲ್ಲಿದ್ದನು. ವಾಹನವನ್ನು ನಡೆಸುತ್ತಿದ್ದವನು ಬರ್ಕ್ ಅಲ್ಲ, ಯಜಮಾನಿಯ ತಮ್ಮ ರೋಜರ್ ಎಂಬುದು ಮಲಾಯನಿಗೆ ಮನದಟ್ಟಾಯಿತು. ಸಂಬಂಧಪಟ್ಟವರನ್ನೆಲ್ಲ ರಾತ್ರಿ 11 ಗಂಟೆಗೆ ರೋಜರನ ಕಛೇರಿಗೆ ಬರಹೇಳಿದನು. ಎಲ್ಲರೂ ಬಂದರು, ಕರೆದವನೇ ಬರಲಿಲ್ಲ.

ಬಳಿಕ ವಿಧವೆಯರ ಗುಡ್ಡವೆಂಬ ಕಡಿದಾದ ಬಂಡೆಯ ಕೆಳಗೆ, ಅಲೆಗಳ ನಡುವೆ, ಇಬ್ಬರು ಹುಡುಗಿಯರಿಗೆ ಹೆಣವೊಂದು ಕಂಡಿತು. ನೋಡಿಬರಲು ಇಳಿದುಹೋದ ಮನೆಯ ಆಳು ಮ್ಯಾಥ್ಯೂ ಮಾರ್ಗನ್, "ಬರಿಯ ಕಡಲ ಪಾಚಿ" ಎಂದು ಹೇಳಿಬಿಟ್ಟನು. ನಿಜವಾಗಿ ಅವನು ಆ ಹೆಣವನ್ನು ಮತ್ತೆ ಸಮುದ್ರಕ್ಕೆ ನೂಕಿದ್ದನು!

ಷೆರೀಫ್ ಪ್ಯಾಟರ್ಸನ್ ಮೂರ್ಖನಲ್ಲ. ಮನೆ ಮನೆಗೂ ಹೋಗಿ ಕೇಳುತ್ತಾನೆ. ಆದರೆ ಉತ್ತರ ಕೊಡಬೇಕಾದವರ ಬಾಯಿಗೆ ಬೀಗ ಬಿದ್ದಿದೆ. ರೋಜರ್ ಆ ರಾತ್ರಿ ದಡದಲ್ಲಿ ಮಲಾಯನು ಸತ್ತು ಬಿದ್ದಿದ್ದುದನ್ನು ಕಂಡಿದ್ದರೂ ಯಾರಿಗೂ ಹೇಳದೆ ಹೊರಟುಹೋದವನು. ಅಕ್ಕನಿಗೆ ಮನೆತನದ ಮಾನದ ಚಿಂತೆ. ಅನಾಥಾಲಯದಲ್ಲಿ ಬೆಳೆದು, ರೋಜರನ ಮಗನಿಗೆ ಪಾಠ ಹೇಳಲು ಬಂದ ವಿಕ್ಟೋರಿಯಾ ವಿಂಟರ್ಸ್ ಎಂಬ ಹುಡುಗಿಗೆ ಮಾತ್ರ ಕಾಪಾಡಬೇಕಾದ ಮನೆತನವಿಲ್ಲ. ದಡದಲ್ಲಿ ಬೆಳ್ಳಿಯ ಕುಸುರಿ ಕೆಲಸದ ಪೆನ್ನೊಂದು ಸಿಕ್ಕಿದುದೂ ಅವಳಿಗೇ. ರೋಜರ್ ಅದನ್ನು ಅವಳ ಕೋಣೆಯಿಂದ ಕದ್ದು ಮಣ್ಣಿನಲ್ಲಿ ಹುಗಿದನು. ಅನ್ನ ಹಾಕುವ ಮನೆಯ ಮೇಲೆಯೇ ಸಂಶಯಪಡಬೇಕಾಗಿ ಬಂದ ಆ ಹುಡುಗಿಯ ಸಂಕಟವನ್ನು ನೋಡಿ ನಮ್ಮ ಮನೆಯವರು ಎರಡು ಸಲ ಕಣ್ಣೊರೆಸಿಕೊಂಡರು. ಕೊನೆಗೆ ಮಲಾಯನದು ಆಕಸ್ಮಿಕ ಮರಣವೆಂದು ತೀರ್ಪಾಯಿತು.

ಕಾನೂನು ಕೈಚೆಲ್ಲಿದ ಕೆಲಸವನ್ನು ದೆವ್ವಗಳು ಕೈಗೆತ್ತಿಕೊಳ್ಳುತ್ತವೆ. ಮುಚ್ಚಿದ ಕೋಣೆಯಲ್ಲಿ ಸಿಕ್ಕಿಬಿದ್ದ ವಿಕ್ಟೋರಿಯಾಳ ಮುಂದೆ ಮಲಾಯನ ಪ್ರೇತವು ನಿಂತು, ಊರು ಬಿಟ್ಟು ಹೋಗೆಂದು ಎಚ್ಚರಿಸಿ, ನೆಲದ ಮೇಲೆ ಒದ್ದೆ ಪಾಚಿಯನ್ನು ಉಳಿಸಿ ಮಾಯವಾಗುತ್ತದೆ. ಮಲಾಯನೊಡನೆ ಜಗಳವಾಡಿ ಅವನ ಸಾವಿಗೆ ಕಾರಣನಾದವನು ಆಳು ಮ್ಯಾಥ್ಯೂವೇ. ಅದೂ ಯಜಮಾನಿಯ ಮೇಲಣ ಕುರುಡು ಭಕ್ತಿಯಿಂದ! ಕೊನೆಗೆ ಅವನು ವಿಕ್ಟೋರಿಯಾಳನ್ನು ಹಳೆಯ ಮನೆಯಲ್ಲಿ ಸೆರೆಯಿಟ್ಟಾಗ ಪ್ರೇತಗಳನ್ನು ಕಂಡು ಭಯದಿಂದಲೇ ಪ್ರಾಣಬಿಡುತ್ತಾನೆ. ದೆವ್ವಗಳು ಇಷ್ಟು ಚೆನ್ನಾಗಿ ಕೆಲಸ ಮಾಡಿದಮೇಲೆ ಕಥೆ ಹೇಳುವವರಿಗೆ ಮನುಷ್ಯರು ಬೇಡವಾದರೆಂದು ತೋರುತ್ತದೆ. ನಮಗೆ ಮನುಷ್ಯರ ಸುಳ್ಳುಗಳೇ ಹೆಚ್ಚು ಭಯಂಕರವಾಗಿ ಕಂಡವು.

ಪ್ರಾವಿಡೆನ್ಸಿನಿಂದ ಬಸ್ಸಿನಲ್ಲಿ ನ್ಯೂಪೋರ್ಟಿಗೆ ಬಂದು ರಗಲ್ಸ್ ಬೀದಿಯಲ್ಲಿ ನಡೆದೆವು. ಧಾರಾವಾಹಿಯಲ್ಲಿ ಕಾಲಿನ್ಸ್ ಮನೆಯೆಂದು ಹೊರಗಿನಿಂದ ತೋರಿಸುತ್ತಿದ್ದುದು ಇಲ್ಲಿಯ 'ಸೀವ್ಯೂ ಟೆರೇಸ್' ಎಂಬ ಮಹಾಸೌಧವನ್ನು. ಎಡ್ಸನ್ ಬ್ರಾಡ್ಲಿ ಎಂಬ ಮದ್ಯದ ವ್ಯಾಪಾರಿಯು, ವಾಷಿಂಗ್ಟನ್ನಿನಲ್ಲಿದ್ದ ತನ್ನ ಮನೆಯ ಭಾಗಗಳನ್ನು ಬಿಚ್ಚಿ ತಂದು, 1925ರ ವೇಳೆಗೆ ಇದನ್ನು ಮುಗಿಸಿದನು. ಮುಂದೆ ಹಲವು ವರ್ಷ ಇದು ವಿದ್ಯಾರ್ಥಿಗಳ ವಸತಿಯಾಗಿತ್ತು. ಬೂದುಬಣ್ಣದ ಕಲ್ಲು, ಮೊನಚಾದ ಮಾಡು, ಗೋಪುರ. ಬಟ್ಟಬಯಲ ಬೆಳಕಿನಲ್ಲಿಯೂ ಮನೆ ಗಂಭೀರವಾಗಿಯೇ ಕಂಡಿತು.

"ಮಾವ, ಖಾಸಗಿ ಮನೆ, ಒಳಗೆ ಬಿಡುವುದಿಲ್ಲ" ಎಂದಳು ಸೊಸೆ.

ಬಿಟ್ಟಿದ್ದರೂ ಅಲ್ಲಿ ನಮಗೆ ಬೇಕಾದುದು ಸಿಕ್ಕುತ್ತಿರಲಿಲ್ಲ. ಆ ಮನೆಯ ಒಳಕೋಣೆಗಳೆಲ್ಲ ನ್ಯೂಯಾರ್ಕಿನ ಸ್ಟುಡಿಯೋದಲ್ಲಿ ಹಲಗೆ ಬಟ್ಟೆಗಳಿಂದ ಕಟ್ಟಿದವು. ಊರಿನ ಹೋಟೆಲೆಂದು ತೋರಿಸಿದುದು ಕನೆಕ್ಟಿಕಟ್ಟಿನ ಎಸೆಕ್ಸ್ ಗ್ರಾಮದ ಗ್ರಿಸ್ವೋಲ್ಡ್ ಇನ್ ಎಂಬ 1776ರ ಛತ್ರ. ಮೇಯ್ನಿನ ಊರೊಂದನ್ನು ಹೀಗೆ ಮೂರು ಸಂಸ್ಥಾನಗಳಿಂದ ತುಂಡು ತುಂಡಾಗಿ ಕೂಡಿಸಿದರು. ಚಿತ್ರವನ್ನು ಕತ್ತರಿಸಿ ತಿದ್ದುವುದು ಆಗ ದುಬಾರಿಯಾದುದರಿಂದ ನಟರು ಮಾತು ತಡವರಿಸಿದರೂ ಹಾಗೆಯೇ ಬಿಡುತ್ತಿದ್ದರು. ಸುಳ್ಳು ಹೇಳುವ ಪಾತ್ರಗಳಿಗೆ ಆ ತಡವರಿಕೆ ಎಷ್ಟೋ ಸಲ ಒಪ್ಪಿಯೂ ಇತ್ತು.

ಬೀದಿಯು ಸಮುದ್ರವನ್ನು ಮುಟ್ಟುವ ಕಡೆ 'ಕ್ಲಿಫ್ ವಾಕ್' ಎಂಬ ಕಾಲುದಾರಿ ಸಿಕ್ಕುತ್ತದೆ. ಮೂರೂವರೆ ಮೈಲಿಯ ಈ ದಾರಿಯಲ್ಲಿ ಒಂದು ಪಕ್ಕಕ್ಕೆ ಸಿರಿವಂತರ ಹುಲ್ಲುಹಾಸು, ಇನ್ನೊಂದು ಪಕ್ಕಕ್ಕೆ ಬಂಡೆ, ನೀರು. 2022ರ ಮಾರ್ಚಿಯಲ್ಲಿ ಇದರ ಒಂದು ತುಂಡು ಕುಸಿದು ಕಡಲಿಗೆ ಬಿದ್ದಿತ್ತು. ನಾವು ಬೇಲಿಯನ್ನು ಹಿಡಿದು ಕೆಳಗೆ ನೋಡುತ್ತ ನಿಂತೆವು. ಬಂಡೆಗಳ ಸಂದಿನಲ್ಲಿ ಕರ್ರಗಿನದೇನೋ ಏಳುತ್ತಿತ್ತು, ಮುಳುಗುತ್ತಿತ್ತು.

"ಅದೇನು?" ಎಂದರು ನಮ್ಮ ಮನೆಯವರು.

"ಪಾಚಿ, ಅತ್ತೆ."

"ಹಾಗೆಂದೇ ಅವನೂ ಹೇಳಿದ್ದ" ಎಂದು ಅವರು ಅಲ್ಲಿಂದ ಕದಲಲಿಲ್ಲ. ದೊಡ್ಡ ಅಲೆಯೊಂದು ಅದನ್ನು ಬಂಡೆಯ ಮೇಲೆ ಎಸೆಯುವವರೆಗೂ ಕಾದೆವು. ಪಾಚಿಯೇ ಆಗಿತ್ತು. ಅಷ್ಟರಲ್ಲಿ ಬಸ್ಸಿನ ವೇಳೆಯಾಗಿದ್ದುದರಿಂದ ಬಂದ ದಾರಿಯಲ್ಲಿಯೇ ಹಿಂದಿರುಗಿದೆವು.