ಏಳಡಿ ದೂರ

ಮಸೂರವೆಂಬ ಮಾತಿಗೆ ನಮ್ಮ ಸೀಮೆಯಲ್ಲಿ ಅಷ್ಟು ಗೌರವವಿಲ್ಲ. ಸರಗೂರಿನ ಸಂತೆಯಲ್ಲಿ ಅವರೆ, ಹುರುಳಿ, ತೊಗರಿ, ಅಲಸಂದೆಗಳಿಗೆ ಸಲ್ಲುವ ಮರ್ಯಾದೆ ಮಸೂರ ಬೇಳೆಗೆ ಸಲ್ಲದು. ಹೀಗಿರುವಾಗ ನಮ್ಮ ಶಾಲೆಯ ವಿಜ್ಞಾನದ ಪುಸ್ತಕದವರು ಗಾಜಿನ ಬಿಲ್ಲೆಗೆ ಪೀನ ಮಸೂರ, ನಿಮ್ನ ಮಸೂರ ಎಂದು ಬೇಳೆಯ ಹೆಸರನ್ನೇಕೆ ಇಟ್ಟರೋ ಎಂದು ಹುಡುಗನಾಗಿದ್ದಾಗ ನನಗೆ ಸೋಜಿಗವಾಗುತ್ತಿತ್ತು. ತಪ್ಪು ಅವರದಲ್ಲವೆಂದು ಆಮೇಲೆ ತಿಳಿಯಿತು. ‘ಲೆನ್ಸ್’ ಎಂಬ ಲ್ಯಾಟಿನ್ ಮಾತಿಗೂ ಅದೇ ಬೇಳೆಯೆಂದೇ ಅರ್ಥ. ನಡುವೆ ಉಬ್ಬಿ ಅಂಚಿನಲ್ಲಿ ತೆಳುವಾದ ಗಾಜನ್ನು ಕಂಡ ಎರಡು ದೇಶದ ಪಂಡಿತರಿಗೂ ನೆನಪಾದದ್ದು ಅಡುಗೆಮನೆಯೇ.

ಬೇಳೆಯ ವಿಷಯದಲ್ಲಿ ಜನ ಹೇಗೋ ಛಾಯಾಗ್ರಾಹಕರು ಮಸೂರದ ವಿಷಯದಲ್ಲಿ ಹಾಗೆ. ಒಬ್ಬೊಬ್ಬರ ನಾಲಗೆಗೆ ಒಂದೊಂದು ಒಗ್ಗಿರುತ್ತದೆ, ಮಿಕ್ಕದ್ದು ರುಚಿಸದು. ಮದುವೆ ಮನೆಯ ಚಿತ್ರ ತೆಗೆಯುವವರನ್ನು ಕೇಳಿದರೆ 85 ಮಿಲಿಮೀಟರಿನದು ಎನ್ನುತ್ತಾರೆ. ಪತ್ರಿಕೆಯವರು 35 ಎನ್ನುತ್ತಾರೆ. ಕಾಡಿಗೆ ಹೋಗುವವರಿಗೆ 600ಕ್ಕಿಂತ ಕಡಿಮೆಯದು ಕಣ್ಣಿಗೇ ಬೀಳುವುದಿಲ್ಲ. ಏಕೆ ಪ್ರೀತಿ ಎಂದು ಕೇಳಿ ನೋಡಿ. ಮೊನಚು ಎನ್ನುತ್ತಾರೆ, ಬಣ್ಣ ಎನ್ನುತ್ತಾರೆ, ‘ಹಿಂದಿನ ಮಸುಕು ಕೆನೆ ಕಟ್ಟಿದ ಹಾಗೆ ಬರುತ್ತದೆ ಸಾರ್’ ಎನ್ನುತ್ತಾರೆ. ನಾನು ತಲೆದೂಗುತ್ತೇನೆ, ಆದರೆ ಪೂರ್ತಿ ನಂಬುವುದಿಲ್ಲ. ಯಾವ ಮಸೂರ ತಮ್ಮನ್ನು ಎಷ್ಟು ದೂರದಲ್ಲಿ ನಿಲ್ಲಿಸುತ್ತದೆ ಎಂಬುದರ ಮೇಲೆ ಈ ಪ್ರೀತಿ ನಿಂತಿರುತ್ತದೆಂದು ನನ್ನ ಗುಮಾನಿ. ಈ ಗುಮಾನಿ ಹುಟ್ಟಿದ್ದು ನಮ್ಮ ಚಿಕ್ಕಪ್ಪನಿಂದ.

ಚಿಕ್ಕಪ್ಪ ಸರಗೂರಿನ ಪೇಟೆಬೀದಿಯಲ್ಲಿ ಒಂದು ಸ್ಟುಡಿಯೋ ಇಟ್ಟಿದ್ದರು. ಬಣ್ಣದ ಪರದೆ, ಎರಡು ದೀಪ, ಒಂದು ಬಾಚಣಿಗೆ, ಪೌಡರಿನ ಡಬ್ಬಿ, ಮತ್ತು ಮೈಸೂರಿನಲ್ಲಿ ಯಾರದೋ ಕೈಯಿಂದ ಕೊಂಡ ಹಳೆಯ ಯಾಶಿಕಾ ಮ್ಯಾಟ್. ಅದು ಎರಡು ಕಣ್ಣಿನ ಪೆಟ್ಟಿಗೆ. ಮೇಲಿನ ಕಣ್ಣು ನೋಡಲಿಕ್ಕೆ, ಕೆಳಗಿನದು ಬರೆದುಕೊಳ್ಳಲಿಕ್ಕೆ. ಕೆಳಗಿನ ಕಣ್ಣಿನ ಸುತ್ತ ಯಾಶಿನಾನ್, 80 ಮಿಲಿಮೀಟರ್ ಎಂದು ಬರೆದಿತ್ತು. ನಾಲ್ಕು ಗಾಜು, ಮೂರು ಗುಂಪು. ಈ ಕಟ್ಟಿನ ಮೂಲಪುರುಷ ಟೆಸ್ಸಾರ್ ಎಂಬ ಮಸೂರ. ಜರ್ಮನಿಯ ಯೇನಾ ಪಟ್ಟಣದ ಝೈಸ್ ಕಾರ್ಖಾನೆಯಲ್ಲಿ ಪಾಲ್ ರುಡಾಲ್ಫ್ ಅದನ್ನು ರೂಪಿಸಿದ್ದು 1902ರಲ್ಲಿ. ಕಾರ್ಖಾನೆಯವರು ಅದನ್ನು ಹದ್ದಿನ ಕಣ್ಣೆಂದು ಹೊಗಳಿಕೊಂಡರಂತೆ. ಚಿಕ್ಕಪ್ಪನಿಗೆ ಹದ್ದೂ ಗೊತ್ತಿರಲಿಲ್ಲ, ರುಡಾಲ್ಫನೂ ಗೊತ್ತಿರಲಿಲ್ಲ. ‘ಇದು ಸುಳ್ಳು ಹೇಳೋ ಗಾಜಲ್ಲ ಕಣೋ’ ಎನ್ನುತ್ತಿದ್ದರು, ಅಷ್ಟೆ.

ಅವರ ಮಾತಿಗೆ ಲೆಕ್ಕದ ಆಧಾರವೂ ಇದೆ. ಆ ಪೆಟ್ಟಿಗೆಯಲ್ಲಿ ಬೀಳುವ ಚಿತ್ರದ ಚೌಕ ಒಂದು ಬದಿಗೆ 56 ಮಿಲಿಮೀಟರ್. ಮೂಲೆಯಿಂದ ಮೂಲೆಗೆ ಅಳೆದರೆ 79. ಮಸೂರದ ನಾಭಿದೂರವೂ ಹೆಚ್ಚುಕಡಿಮೆ ಅಷ್ಟೇ ಆದಾಗ ಚಿತ್ರ ಹಿಗ್ಗಿದಂತೆಯೂ ಕಾಣದು, ಕುಗ್ಗಿದಂತೆಯೂ ಕಾಣದು. ಕಣ್ಣಿಗೆ ಸಹಜವಾಗಿ ತೋರುತ್ತದೆ. ಏಳಡಿ ದೂರದಲ್ಲಿ ನಿಂತರೆ ಐದಡಿ ಚೌಕದಷ್ಟು ಜಗತ್ತು ಅದರೊಳಗೆ ಕೂರುತ್ತದೆ. ಒಬ್ಬ ಕೂತ ಮನುಷ್ಯ, ಅವನ ಅಕ್ಕಪಕ್ಕದ ಒಂದಿಷ್ಟು ಗೋಡೆ. ಚಿಕ್ಕಪ್ಪ ಎಂದೂ ಅಳೆದವರಲ್ಲ, ಆದರೆ ಅವರ ಕಾಲು ತಾನಾಗಿಯೇ ಹೋಗಿ ಏಳಡಿಯಲ್ಲಿ ನಿಲ್ಲುತ್ತಿತ್ತು. ಏಳಡಿಯೆಂದರೆ ಉಂಡಿರಾ ಎಂದು ಕೇಳುವ ದೂರ. ಕೂಗಬೇಕಾಗಿಲ್ಲ, ಪಿಸುಗುಟ್ಟಲೂ ಆಗದು.

ಇನ್ನೊಂದು ಸಂಗತಿ. ಆ ಕ್ಯಾಮರಾವನ್ನು ಕಣ್ಣಿಗೆ ಹಿಡಿಯುವುದಿಲ್ಲ, ಹೊಟ್ಟೆಯ ಬಳಿ ಹಿಡಿದು ತಲೆ ಬಗ್ಗಿಸಿ ಮೇಲಿನ ಗಾಜಿನಲ್ಲಿ ನೋಡಬೇಕು. ಎಂಥವನ ಚಿತ್ರ ತೆಗೆಯುವಾಗಲೂ ಚಿಕ್ಕಪ್ಪ ತಲೆ ಬಾಗಿಯೇ ಇರುತ್ತಿದ್ದರು. ಹಾಡಿಯಿಂದ ಬಂದ ಜೇನುಕುರುಬನಿಗೂ ಅದೇ ನಮಸ್ಕಾರ, ಅಮಲ್ದಾರರಿಗೂ ಅದೇ ನಮಸ್ಕಾರ. ಆ ಗಾಜಿನಲ್ಲಿ ಎಡ ಬಲವಾಗಿ, ಬಲ ಎಡವಾಗಿ ಕಾಣುತ್ತದೆ. ‘ಒಂಚೂರು ಎಡಕ್ಕೆ, ಅಲ್ಲ, ಬಲಕ್ಕೆ, ಅಯ್ಯೋ, ಇದ್ದ ಹಾಗೇ ಇರಿ’ ಎನ್ನುವಷ್ಟರಲ್ಲಿ ಕೂತವರು ನಕ್ಕುಬಿಡುತ್ತಿದ್ದರು. ಆಗಲೇ ಗುಂಡಿ ಒತ್ತುವುದು. ಅವರು ನಿಜವಾಗಿ ತಡವರಿಸುತ್ತಿದ್ದರೋ ಬೇಕೆಂದೇ ಹಾಗೆ ಮಾಡುತ್ತಿದ್ದರೋ ನನಗೆ ಇಂದಿಗೂ ಅನುಮಾನ.

ಕಬಿನಿ ಅಣೆಕಟ್ಟು ಮುಗಿದದ್ದು 1974ರಲ್ಲಿ. ನಮ್ಮೂರು ಅಣೆಯ ಕೆಳಗಿದೆ, ಮುಳುಗಲಿಲ್ಲ. ಅವ್ವನ ತೌರೂರು ಮೇಲಿತ್ತು, ಮುಳುಗಿತು. ಅದರ ಹೆಸರು ಹೇಳಿ ಈಗ ಪ್ರಯೋಜನವಿಲ್ಲ; ನಕ್ಷೆಯಲ್ಲಿ ಅಲ್ಲಿ ನೀಲಿ ಬಣ್ಣ ಹಚ್ಚಿದ್ದಾರೆ. ನೀರು ಬರುವುದಕ್ಕೆ ಮುಂಚೆ ಚಿಕ್ಕಪ್ಪ ಎರಡು ರೋಲು ಫಿಲ್ಮು ತೆಗೆದುಕೊಂಡು ಆ ಊರಿಗೆ ಹೋದರು. ರೋಲಿಗೆ ಹನ್ನೆರಡು ಚಿತ್ರ, ಒಟ್ಟು ಇಪ್ಪತ್ತನಾಲ್ಕು. ಮನೆಗೆ ಒಂದರಂತೆ, ಅವರವರ ಬಾಗಿಲ ಮುಂದೆ ಅವರವರನ್ನು ಕೂರಿಸಿ ತೆಗೆದರು. ಕೆಲವು ಮನೆಗಳಿಗೆ ಫಿಲ್ಮು ಸಾಲದೆ ಹೋಯಿತು. ನಾನೂ ಜತೆಗಿದ್ದೆನಂತೆ, ಐದು ವರ್ಷದವನು. ನನಗೆ ನೆನಪಿರುವುದು ಗಾಡಿಗಳ ಮೇಲೆ ಹೇರಿದ್ದ ತೊಲೆಗಳು ಮಾತ್ರ.

ನಮ್ಮ ಅಜ್ಜಿಯದೂ ಒಂದು ಚಿತ್ರ ಬಂತು. ಬಾಗಿಲ ಮುಂದಿನ ಮೆಟ್ಟಲ ಮೇಲೆ ಕೂತಿದ್ದಾಳೆ, ಕೈ ಮಡಿಲಲ್ಲಿದೆ, ಹಿಂದೆ ತೆರೆದ ಬಾಗಿಲು, ಅದರಾಚೆ ತೊಟ್ಟಿಯ ಬೆಳಕು. ತಾತ ಚಿತ್ರದಲ್ಲಿ ಇಲ್ಲ. ಮನೆಯನ್ನೇ ಕಿತ್ತುಕೊಳ್ಳುವವರು ಚಿತ್ರ ಕೊಟ್ಟರೆ ಆಯಿತೇ ಎಂದು ಸಿಟ್ಟಾಗಿ ಒಳಗೆ ಹೋದರಂತೆ. ಪಾಪ, ಕಿತ್ತುಕೊಂಡವರು ಚಿಕ್ಕಪ್ಪನಲ್ಲ. ಆದರೆ ಎದುರಿಗೆ ಸಿಕ್ಕಿದವರು ಅವರೇ. ಹೊಸ ಊರಿಗೆ ಹೋದ ಮಾರನೆಯ ವರ್ಷವೇ ತಾತ ತೀರಿಕೊಂಡರು. ಅವರದು ಒಂದೇ ಒಂದು ಚಿತ್ರ ಯಾರ ಮನೆಯಲ್ಲಿಯೂ ಇಲ್ಲ. ಈ ಕೊರಗು ಅವ್ವನಿಗೆ ಐವತ್ತು ವರ್ಷದಿಂದ ಇದೆ. ಚಿಕ್ಕಪ್ಪನಿಗೂ ಸಾಯುವವರೆಗೆ ಇತ್ತು.

ಈಗ ನನ್ನ ತಂಗಿಯ ಮಗನ ವಿಷಯಕ್ಕೆ ಬರುತ್ತೇನೆ. ಬೆಂಗಳೂರಿನಲ್ಲಿ ಕಂಪ್ಯೂಟರಿನ ಕೆಲಸ, ಕಾಡಿನ ಹುಚ್ಚು. ವರ್ಷಕ್ಕೆರಡು ಸಲ ಕಬಿನಿಗೆಂದು ಬಂದು ನಮ್ಮಲ್ಲಿ ಇಳಿಯುತ್ತಾನೆ. ಅವನ ಪ್ರೀತಿಯ ಮಸೂರ 600 ಮಿಲಿಮೀಟರಿನದು, ತೂಕ ಮೂರು ಕಿಲೋಗೆ ಮೇಲೆ, ಬೆಲೆ ಹತ್ತು ಲಕ್ಷ ಮೀರಿದ್ದು. ಕೊಳ್ಳುವ ಶಕ್ತಿ ಇಲ್ಲದೆ ದಿನಬಾಡಿಗೆಗೆ ತರುತ್ತಾನೆ. ಬಾಡಿಗೆಯ ವಸ್ತುವನ್ನು ಇಷ್ಟು ಪ್ರೀತಿಸುವವರನ್ನು ನಾನು ಬೇರೆ ಕಂಡಿಲ್ಲ. ರಾತ್ರಿ ಅದನ್ನು ತನ್ನ ಹಾಸಿಗೆಯ ಪಕ್ಕದಲ್ಲೇ ಮಲಗಿಸಿಕೊಳ್ಳುತ್ತಾನೆ. ಸಾಧಾರಣ 50 ಮಿಲಿಮೀಟರಿನದಕ್ಕೆ ಹೋಲಿಸಿದರೆ ಅದು ಹನ್ನೆರಡು ಪಟ್ಟು ಹತ್ತಿರಕ್ಕೆ ಎಳೆಯುತ್ತದೆ. 240 ಅಡಿ ಆಚೆ ಮೇಯುವ ಆನೆ 20 ಅಡಿಗೆ ಬಂದ ಹಾಗೆ. ಒಮ್ಮೆ ಅವನ ಜತೆ ಸಫಾರಿಗೆ ಹೋಗಿದ್ದೆ. ಅಲ್ಲಿ ಮಸೂರದ ಉದ್ದ ನೋಡಿ ಕ್ಯಾಮರಾ ಶುಲ್ಕ ಹಾಕಿದರು. ಆಸೆ ಉದ್ದವಾದಷ್ಟೂ ತೆರಿಗೆ ಹೆಚ್ಚು!

‘ಇದರಲ್ಲಿ ಏನು ಕಂಡೆಯೋ?’ ಎಂದು ಕೇಳಿದೆ.

‘ನಾನು ಅಲ್ಲಿದ್ದೇನೆ ಅಂತ ಪ್ರಾಣಿಗೆ ಗೊತ್ತೇ ಆಗೋಲ್ಲ ಮಾವ. ಅದು ತನ್ನ ಪಾಡಿಗೆ ತಾನಿರುತ್ತೆ. ಅದಕ್ಕಿಂತ ಇನ್ನೇನು ಬೇಕು?’

ಇದು ಒಳ್ಳೆಯ ಮಾತೆಂದು ಒಪ್ಪಬೇಕು. ನಮ್ಮ ನಾಡಿನಲ್ಲಿ ಈ ವಿದ್ಯೆ ಬೆಳೆಸಿದ ಟಿ. ಎನ್. ಎ. ಪೆರುಮಾಳ್, ಇ. ಹನುಮಂತರಾವ್ ಮೊದಲಾದವರ ಕಾಲದಲ್ಲಿ ಇಂಥ ಸಾಧನ ಎಲ್ಲರ ಕೈಗೆಟುಕುವಂತಿರಲಿಲ್ಲ. ಹಕ್ಕಿಯ ಚಿತ್ರ ಬೇಕೆಂದರೆ ಗೂಡಿನ ಹತ್ತಿರ ಬಟ್ಟೆಯ ಮರೆ ಕಟ್ಟಿ, ಅದರೊಳಗೆ ಬೆವರು ಸುರಿಸುತ್ತ ಗಂಟೆಗಟ್ಟಲೆ ಕೂರಬೇಕಾಗಿತ್ತು. ಹಕ್ಕಿ ಹೆದರಿ ಗೂಡು ಬಿಡದಂತೆ ನೋಡಿಕೊಳ್ಳುವುದೇ ಅವರ ದೊಡ್ಡ ಪಾಠ. ಉದ್ದದ ಮಸೂರ ಆ ಮರೆಯನ್ನು ಗಾಜಿನಲ್ಲೇ ಕಟ್ಟಿಕೊಟ್ಟಿದೆ. ಕಾಡಿಗೆ ಅದು ಧರ್ಮ. ಆದರೆ ಹುಡುಗ ಅದೇ ಮಸೂರದಿಂದ ಹೊಳೆಯಾಚೆ ಬಟ್ಟೆ ಒಗೆಯುತ್ತಿದ್ದ ಹೆಂಗಸನ್ನೂ ತೆಗೆದು ತಂದ. ಚಿತ್ರವೇನೋ ಅಂದವಾಗಿತ್ತು. ತನ್ನನ್ನು ಯಾರೋ ನೋಡಿದರೆಂದು ಅವಳಿಗೆ ತಿಳಿಯಲೇ ಇಲ್ಲ. ಅದನ್ನು ನೋಡಿ ನನಗೆ ಪರರ ಕಾಗದ ಒಡೆದು ಓದಿದಂತಾಯಿತು. ಹುಡುಗನಿಗೆ ಹೇಳಿದೆ. ಅವನು ಮಾತನಾಡದೆ ಅಳಿಸಿಹಾಕಿದ.

ಬೇಸಿಗೆಯಲ್ಲಿ ಜಲಾಶಯದ ನೀರು ಇಳಿದು ಬಯಲಾದ ನೆಲದಲ್ಲಿ ಹುಲ್ಲು ಚಿಗುರುತ್ತದೆ. ಆನೆಗಳು ಹಿಂಡುಹಿಂಡಾಗಿ ಇಳಿಯುತ್ತವೆ. 2025ರ ಏಪ್ರಿಲಿನಲ್ಲಿ ಅವನು ತೆಗೆದ ಒಂದು ಚಿತ್ರದಲ್ಲಿ ಒಂದು ತಾಯಾನೆ, ಒಂದು ಮರಿ. ಹಿಂದಿನದೆಲ್ಲ ಹಸುರು ಕೆನೆ. ಎಲ್ಲಿ ತೆಗೆದದ್ದೆಂದು ಕೇಳಿ, ದಿಕ್ಕು ವಿಚಾರಿಸಿ ನೋಡಿದರೆ ಅದು ಅವ್ವನ ತೌರೂರಿನ ಕಡೆಯ ನೆಲ. ಆನೆಯ ಹಿಂದೆ ಏನಿತ್ತೋ ಎಂದು ಕೇಳಿದೆ. ‘ಅದೆಲ್ಲ ಕರಗಿಹೋಗುತ್ತೆ ಮಾವ, ಅದೇ ಈ ಲೆನ್ಸಿನ ಬ್ಯೂಟಿ’ ಎಂದ.

ಅದೇ ವರ್ಷ ಅಕ್ಟೋಬರ್, ನವೆಂಬರಿನಲ್ಲಿ ನಮ್ಮ ತಾಲ್ಲೂಕಿನ ಕಾಡಂಚಿನ ಹಳ್ಳಿಗಳಲ್ಲಿ ಹೊಲಕ್ಕೆ ಹೋದ ರೈತರ ಮೇಲೆ ಹುಲಿ ಬಿದ್ದು ಸಾವುಗಳಾದವು. ಅವರ ಮತ್ತು ಹುಲಿಯ ನಡುವೆ ಯಾವ ಗಾಜೂ ಇರಲಿಲ್ಲ. ನವೆಂಬರಿನಲ್ಲಿ ಸರಕಾರ ಸಫಾರಿಯನ್ನೇ ನಿಲ್ಲಿಸಿತು. ಮೊದಲೇ ಗೊತ್ತುಮಾಡಿಕೊಂಡು, ಬಾಡಿಗೆ ಕಟ್ಟಿ, ಮಸೂರ ಹೊತ್ತುಕೊಂಡು ಬಂದ ಹುಡುಗ ನಮ್ಮ ಜಗಲಿಯಲ್ಲಿ ಕೂರಬೇಕಾಯಿತು.

ಮನೆಯಲ್ಲಿ ಆಗ ಅವ್ವನ ರಾಜ್ಯ. ಮೈಸೂರಿನಲ್ಲಿ ಕಣ್ಣಿನ ಪೊರೆ ತೆಗೆಸಿ ಹದಿನೈದು ದಿನವಾಗಿತ್ತು. ಮಂಜಾದ ಹುಟ್ಟುಮಸೂರವನ್ನು ತೆಗೆದು ಹೊಸದನ್ನು ಕೂರಿಸುವ ಈ ಉಪಾಯ ಲಂಡನ್ನಿನ ಹೆರಾಲ್ಡ್ ರಿಡ್ಲಿ ಎಂಬ ವೈದ್ಯನದು, 1949ರದು. ಯುದ್ಧದಲ್ಲಿ ವಿಮಾನದ ಪ್ಲಾಸ್ಟಿಕ್ ಗವಸು ಒಡೆದು ಚೂರುಗಳು ಚಾಲಕರ ಕಣ್ಣಿಗೆ ಹೊಕ್ಕರೂ ಕಣ್ಣು ಅವನ್ನು ಸಹಿಸಿಕೊಂಡದ್ದನ್ನು ಆತ ಗಮನಿಸಿದ್ದನಂತೆ. ಅವ್ವ ಹೊಸ ಕಣ್ಣನ್ನು ಎಲ್ಲದರ ಮೇಲೂ ಪರೀಕ್ಷೆ ಮಾಡುತ್ತಿದ್ದಳು. ಸೋಪಿನ ಹೊದಿಕೆ ಓದಿದಳು, ಅಕ್ಕಿಯಲ್ಲಿ ನಾವು ಬಿಟ್ಟಿದ್ದ ಕಲ್ಲುಗಳನ್ನೆಲ್ಲ ಆರಿಸಿ ಸೊಸೆಗೆ ತೋರಿಸಿದಳು. ಕೊನೆಗೆ ಗೋಡೆಯ ಮೇಲಿನ ಅಜ್ಜಿಯ ಚಿತ್ರ ಇಳಿಸಿಕೊಡು ಎಂದಳು.

ತೊಡೆಯ ಮೇಲಿಟ್ಟುಕೊಂಡು ಬಹಳ ಹೊತ್ತು ನೋಡಿದಳು. ಆಮೇಲೆ ಎಂದಳು: ‘ನಮ್ಮ ತೊಟ್ಟಿ ಕಂಬ ಇಷ್ಟು ದಪ್ಪ ಇರಲಿಲ್ಲ ಕಣೋ.’

ಬಾಗಿಲಾಚೆ ಬೆಳಕಿನಲ್ಲಿ ಮಸುಕಾಗಿ ಒಂದು ಕಂಬ. ನಾನು ಹುಟ್ಟಿದಂದಿನಿಂದ ಅದನ್ನು ಕಂಬವೆಂದೇ ನೋಡಿದವನು. ಬುಡದಲ್ಲಿ ದಪ್ಪ, ಮೇಲೆ ಹೋಗುತ್ತ ಸಣ್ಣ. ಯಾರೋ ಕಂಬಕ್ಕೆ ಒರಗಿ ಕೂತಿದ್ದರೆ ಹಾಗೆ ಕಾಣಬಹುದು. ನಡುವೆ ಒಂದು ಬಿಳಿಯ ಕಲೆ.

‘ಅಪ್ಪನ ಪಂಚೆ’ ಎಂದಳು ಅವ್ವ.

ಹುಡುಗ ಕೂಡಲೇ ಅದರ ಪ್ರತಿ ತೆಗೆದು ಪರದೆಯ ಮೇಲೆ ದೊಡ್ಡದು ಮಾಡಿದ. ದೊಡ್ಡದಾದಷ್ಟೂ ತಾತ ಒಡೆದು ಬರಿಯ ಕಪ್ಪುಬಿಳಿ ಕಾಳುಗಳಾದರು. ನೆಗೆಟಿವ್ ಇದ್ದಿದ್ದರೆ ಏನಾದರೂ ಸಿಗುತ್ತಿತ್ತೋ ಏನೋ. ಅದು ಎಂದೋ ಗೆದ್ದಲಿನ ಪಾಲಾಗಿದೆ. ‘ಹೇಳೋಕಾಗಲ್ಲ ಅಜ್ಜಿ’ ಎಂದ. ಅವ್ವ ಚಿತ್ರವನ್ನು ಕೈಚಾಚಿ ದೂರ ಹಿಡಿದು, ‘ಅಷ್ಟು ಹತ್ತಿರ ಹೋಗಬೇಡ, ಇಲ್ಲಿಂದ ನೋಡು’ ಎಂದಳು. ಅಲ್ಲಿಂದ ನೋಡಿದರೆ ಯಾರೋ ಕೂತಿರುವುದು ನಿಜ. ನನ್ನ ತಂಗಿ ಫೋನಿನಲ್ಲಿ ಕಂಬವೇ ಎಂದು ವಾದಿಸಿದಳು. ಅವ್ವ ಅವಳೊಡನೆ ಎರಡು ದಿನ ಮಾತು ಬಿಟ್ಟಳು.

ಚಿಕ್ಕಪ್ಪನ ಯಾಶಿಕಾ ನಮ್ಮ ಬೀರುವಿನಲ್ಲಿದೆ. ಅದರ ಮಸೂರದ ಅಂಚಿನಲ್ಲಿ ಜೇಡರ ಬಲೆಯಂತೆ ಬೂಷ್ಟು ಹಬ್ಬಿದೆ. ಹೊಳೆಯ ತೇವಕ್ಕೆ ಹಾಗಾಗುತ್ತದೆ, ಗಾಜಿನ ಮೇಲಿನ ಲೇಪವನ್ನೇ ತಿಂದುಬಿಡುತ್ತದೆ. ಹುಡುಗ ಅದನ್ನು ಈಚೆ ತೆಗೆದು, ಒರಸಿ, ಗುಂಡಿಗಳನ್ನೆಲ್ಲ ಒತ್ತಿ ನೋಡಿದ. ಬೆಂಗಳೂರಿನಿಂದ ಒಂದು ರೋಲು ತರಿಸಿದ. ಒಂದು ಬೆಳಿಗ್ಗೆ ಅವ್ವ ಹೊಸ ಸೀರೆ ಉಟ್ಟು ಮೆಟ್ಟಲ ಮೇಲೆ ಕೂತಳು. ಹುಡುಗ ಅಭ್ಯಾಸಬಲದಿಂದ ಬೀದಿಯ ಆಚೆ ಬದಿಗೆ ಹೋಗಿ ನಿಂತ. ‘ಅಷ್ಟು ದೂರ ನಿಂತರೆ ನಿನ್ನ ಮುಖ ನನಗೆ ಹೇಗೆ ಕಾಣಬೇಕೋ?’ ಎಂದು ಅವ್ವ ಕೂಗಿದಳು. ಅವನು ಹೆಜ್ಜೆ ಹೆಜ್ಜೆಯಾಗಿ ಬಂದು, ತಲೆ ಬಗ್ಗಿಸಿ, ‘ಒಂಚೂರು ಎಡಕ್ಕೆ ಅಜ್ಜಿ, ಅಲ್ಲ, ಬಲಕ್ಕೆ’ ಎಂದ. ಅವ್ವ ನಕ್ಕಳು.

ಹನ್ನೊಂದಾದ ಮೇಲೆ ಅವ್ವ ನನ್ನ ಕಡೆ ತಿರುಗಿ, ‘ನೀನು ಒಳಗೆ ಹೋಗಿ ಕೂತುಕೊ’ ಎಂದಳು. ಏಕೆಂದು ನಾನು ಕೇಳಲಿಲ್ಲ. ನಮ್ಮದು ತೊಟ್ಟಿಯ ಮನೆಯಲ್ಲ, ಕಂಬವೂ ಇಲ್ಲ. ನಡುಮನೆಯಲ್ಲಿ ಬೀರುವಿಗೆ ಒರಗಿ, ಪಂಚೆ ಕಾಣುವ ಹಾಗೆ ಕಾಲು ಮಡಿಸಿ ಕೂತೆ. ಅಲ್ಲಿಂದ ಅವ್ವನ ಬೆನ್ನು, ಅದರಾಚೆ ಹುಡುಗನ ಬಾಗಿದ ತಲೆ ಕಾಣುತ್ತಿತ್ತು. ಗುಂಡಿ ಒತ್ತಿದ ಸದ್ದು ಅಲ್ಲಿಗೆ ಕೇಳಿಸಲಿಲ್ಲ. ‘ಆಯ್ತು ಮಾವ’ ಎಂದ ಮೇಲೆ ಎದ್ದೆ.

ರೋಲನ್ನು ತೊಳೆಯಲು ಬೆಂಗಳೂರಿಗೆ ಕೊಟ್ಟಿದ್ದಾನೆ. ಇನ್ನೂ ಬಂದಿಲ್ಲ.